ದ್ವಿತೀಯ ಪಿಯುಸಿ ವರ್ಷದಲ್ಲೇ ಸಿದ್ಧವಾಗಬೇಕಾದ ದಾಖಲೆಗಳು: ಕಾಲೇಜು ಪ್ರವೇಶ ಮತ್ತು ವಿದ್ಯಾರ್ಥಿವೇತನ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶವು ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಗುತ್ತದೆ. ಹೆಚ್ಚು ಅಂಕ ಗಳಿಸಿದವರಿಗೆ ಊರಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುವ ಪದ್ಧತಿಯಿದೆ. ವಾರ್ಡಿನ ಸದಸ್ಯರೂ ಆ ಭಾವಚಿತ್ರದಲ್ಲಿರುತ್ತಾರೆ. ಆದರೆ ಅಂದು ಸನ್ಮಾನ ಪಡೆದ ವಿದ್ಯಾರ್ಥಿನಿಯೇ ಕೆಲವು ತಿಂಗಳ ನಂತರ ಶುಲ್ಕ ಕಟ್ಟಲಾಗದೆ ಮನೆಯಲ್ಲಿ ಕುಳಿತಿರುವುದೂ ಉಂಟು. ಅಂಕ ಸಾಲದೆ ಹೀಗಾಯಿತೆಂದು ಹೇಳುವಂತಿಲ್ಲ. ಯೋಜನೆಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಅರ್ಜಿ ಸಲ್ಲಿಸುವ ಹೊತ್ತಿಗೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಅಥವಾ ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದಿರುವುದಿಲ್ಲ, ಅಥವಾ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ.

ಕಾಲೇಜಿನ ಅರ್ಜಿಯನ್ನು ಕಾಲೇಜಿನಲ್ಲಿ ತುಂಬಲಾಗುತ್ತದೆ, ವಿದ್ಯಾರ್ಥಿವೇತನದ ಅರ್ಜಿಯನ್ನು ಪ್ರವೇಶ ಪಡೆದ ಬಳಿಕ ಸಲ್ಲಿಸಲಾಗುತ್ತದೆ. ಆದರೆ ಆ ಅರ್ಜಿಗಳು ಕೇಳುವ ಪ್ರತಿಯೊಂದು ವಿವರವೂ ಹುಟ್ಟುವುದು ಗ್ರಾಮದಲ್ಲಿ: ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯಲ್ಲಿ, ನಾಡಕಚೇರಿಯಲ್ಲಿ, ಗ್ರಾಮ ಆಡಳಿತ ಅಧಿಕಾರಿಯ ವರದಿಯಲ್ಲಿ, ಪಹಣಿಯಲ್ಲಿ, ಹತ್ತಿರದ ಬ್ಯಾಂಕ್ ಶಾಖೆಯಲ್ಲಿ. ಆದ್ದರಿಂದ ಈ ವಿಷಯವು ಶಿಕ್ಷಣ ಇಲಾಖೆಗೆ ಮಾತ್ರ ಸೇರಿದ್ದೆಂದು ಸದಸ್ಯರು ಭಾವಿಸುವುದು ಸರಿಯಲ್ಲ. ಕಾಲೇಜಿನ ಪ್ರಾಂಶುಪಾಲರು ಎಷ್ಟೇ ಕಾಳಜಿಯುಳ್ಳವರಾಗಿದ್ದರೂ ವಿದ್ಯಾರ್ಥಿಯ ತಾತನ ಹೆಸರಿನಲ್ಲಿ ಉಳಿದುಹೋಗಿರುವ ಖಾತೆಯನ್ನು ಅವರು ಬದಲಾಯಿಸಲಾರರು.

ಹೆಸರಿನ ಹೊಂದಾಣಿಕೆ

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಾಗೂ ಬ್ಯಾಂಕ್ ಪಾಸ್‌ಬುಕ್ ಈ ನಾಲ್ಕರಲ್ಲೂ ವಿದ್ಯಾರ್ಥಿಯ ಹೆಸರು ಒಂದೇ ಬಗೆಯಲ್ಲಿರಬೇಕು. ಅಂಕಪಟ್ಟಿಯಲ್ಲಿ "ಮಂಜುಳಾ ಎಚ್." ಎಂದಿದ್ದು ಆಧಾರ್‌ನಲ್ಲಿ "ಮಂಜುಳಾ ಹನುಮಂತಪ್ಪ" ಎಂದಿದ್ದರೆ, ಊರಿನವರಿಗೆ ಅವಳು ಒಬ್ಬಳೇ, ಗಣಕಯಂತ್ರಕ್ಕೆ ಇಬ್ಬರು. ಇಂಗ್ಲಿಷ್ ಅಕ್ಷರಗಳಲ್ಲಿ ತೊಡಕು ಇನ್ನೂ ಹೆಚ್ಚು. ಲಕ್ಷ್ಮಿ ಎಂಬ ಹೆಸರನ್ನು ಒಂದು ದಾಖಲೆಯಲ್ಲಿ ಎಕ್ಸ್ ಅಕ್ಷರದಿಂದಲೂ ಮತ್ತೊಂದರಲ್ಲಿ ಕೆ, ಎಸ್, ಎಚ್ ಅಕ್ಷರಗಳಿಂದಲೂ ಬರೆದಿರುವುದು ತೀರ ಸಾಮಾನ್ಯ. ಕನ್ನಡದಲ್ಲಿ ಸರಿಯಾಗಿದೆಯೆಂದು ತೃಪ್ತರಾದ ಪೋಷಕರು ಇಂಗ್ಲಿಷ್ ಸಾಲನ್ನು ಓದಿರುವುದೇ ಇಲ್ಲ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದರಲ್ಲಿ ಗೊಂದಲ ಬೇಡ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಅಂಕಪಟ್ಟಿಯ ತಿದ್ದುಪಡಿಗೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕಾಗುತ್ತದೆ. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಂಕಪಟ್ಟಿಯಲ್ಲೇ ನಿಜವಾದ ತಪ್ಪಿದ್ದರೆ ಮಾತ್ರ ಆ ದಾರಿ ಹಿಡಿಯಬೇಕು, ಹಾಗೂ ಅದನ್ನು ದ್ವಿತೀಯ ಪಿಯುಸಿಯ ಆರಂಭದಲ್ಲೇ ಹಿಡಿಯಬೇಕು. ಆಧಾರ್ ತಿದ್ದುಪಡಿಗೂ ಮಿತಿಯಿದೆ ಎಂಬುದನ್ನು ಹಲವರು ಅರಿತಿಲ್ಲ. ಹೆಸರನ್ನು ಜೀವಮಾನದಲ್ಲಿ 2 ಬಾರಿ, ಜನ್ಮದಿನಾಂಕವನ್ನು 1 ಬಾರಿ ಮಾತ್ರ ಸಾಮಾನ್ಯ ಕ್ರಮದಲ್ಲಿ ಬದಲಾಯಿಸಬಹುದು. ಅವಸರದಲ್ಲಿ ತಪ್ಪಾಗಿ ತಿದ್ದಿಸಿಕೊಂಡರೆ ಒಂದು ಅವಕಾಶ ಹಾಳಾದಂತೆ. ಆದ್ದರಿಂದ ಆಧಾರ್ ಕೇಂದ್ರಕ್ಕೆ ಹೋಗುವಾಗ ಅಂಕಪಟ್ಟಿಯ ಮೂಲಪ್ರತಿ ಕೈಯಲ್ಲಿರಬೇಕು, ಪರದೆಯ ಮೇಲೆ ತೋರುವ ಪ್ರತಿಯೊಂದು ಅಕ್ಷರವನ್ನೂ ವಿದ್ಯಾರ್ಥಿಯೇ ಓದಿ ಒಪ್ಪಿಗೆ ಕೊಡಬೇಕು.

ಇದರೊಡನೆ ಬೆರಳಚ್ಚಿನ ವಿಷಯವೂ ಸೇರಿದೆ. ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು 15 ವರ್ಷ ತುಂಬಿದ ಬಳಿಕ ಮತ್ತೊಮ್ಮೆ ನೀಡಿ ಆಧಾರ್ ನವೀಕರಿಸುವುದು ಕಡ್ಡಾಯ. ಬಾಲ್ಯದಲ್ಲಿ ಕೊಟ್ಟ ಗುರುತನ್ನೇ ಉಳಿಸಿಕೊಂಡವರಿಗೆ ದೃಢೀಕರಣದ ಸಮಯದಲ್ಲಿ ಯಂತ್ರ ಕೈಕೊಡುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ಮನೆಯವರ ಬಳಿ ಚಾಲ್ತಿಯಲ್ಲಿರಬೇಕು. ಸೈಬರ್ ಅಂಗಡಿಯವರು ತಮ್ಮ ಸಂಖ್ಯೆಯನ್ನೇ ಹತ್ತಾರು ಮಕ್ಕಳ ಅರ್ಜಿಗೆ ಹಾಕಿ ಕೆಲಸ ಮುಗಿಸುವುದುಂಟು. ಮರುವರ್ಷ ಅದೇ ಖಾತೆಗೆ ಪ್ರವೇಶಿಸಲು ಒಟಿಪಿ ಬೇಕಾದಾಗ ಅಂಗಡಿಯೇ ಇರುವುದಿಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರ

ಪ್ರಮಾಣಪತ್ರವನ್ನು ತಹಶೀಲ್ದಾರರು ನೀಡುತ್ತಾರೆ. ಅರ್ಜಿಯನ್ನು ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಸಲ್ಲಿಸಬಹುದು. ಸ್ಥಳ ಪರಿಶೀಲನೆ ನಡೆಸುವವರು ಗ್ರಾಮ ಆಡಳಿತ ಅಧಿಕಾರಿ ಹಾಗೂ ಕಂದಾಯ ನಿರೀಕ್ಷಕರು. ಪತ್ರದ ಮೇಲಿರುವ "ಆರ್‌ಡಿ" ಎಂದು ಆರಂಭವಾಗುವ ಸಂಖ್ಯೆಯೇ ಮುಂದಿನ ಎಲ್ಲ ಅರ್ಜಿಗಳ ಜೀವಾಳ. ಆ ಸಂಖ್ಯೆಯನ್ನು ನಮೂದಿಸಿದೊಡನೆ ಜಾತಿ, ಪ್ರವರ್ಗ ಮತ್ತು ಆದಾಯದ ವಿವರ ತಾನಾಗಿ ಮೂಡುತ್ತದೆ. ಪತ್ರದಲ್ಲಿ ತಪ್ಪಿದ್ದರೆ ಆ ತಪ್ಪೂ ತಾನಾಗಿ ಮೂಡುತ್ತದೆ.

ಹಿಂದುಳಿದ ವರ್ಗಗಳ ಪ್ರವರ್ಗ 2ಎ, 2ಬಿ, 3ಎ ಮತ್ತು 3ಬಿ ಕುಟುಂಬಗಳ ಜಾತಿ-ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಸಿಂಧುತ್ವವಿದೆ. ಎಂಟನೇ ತರಗತಿಗೆ ಸೇರುವಾಗ ಮಾಡಿಸಿದ ಪತ್ರವು ಸರಿಯಾಗಿ ಕಾಲೇಜು ಸೇರುವ ವರ್ಷದಲ್ಲೇ ಮುಗಿಯುತ್ತದೆ ಎಂಬುದನ್ನು ಸದಸ್ಯರು ಲೆಕ್ಕ ಹಾಕಿ ನೋಡಬಹುದು. ಜೂನ್ ತಿಂಗಳಲ್ಲಿ ಇಡೀ ತಾಲ್ಲೂಕಿನ ಮಕ್ಕಳು ಒಮ್ಮೆಲೇ ನಾಡಕಚೇರಿಯ ಮುಂದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಸಕಾಲ ಅಧಿನಿಯಮದಡಿ ಸೇವೆಗೆ ಕಾಲಮಿತಿ ನಿಗದಿಯಾಗಿದೆ. ಆದರೆ ಕಾಲಮಿತಿಯೊಳಗೇ ಬಂದ ಪತ್ರವೂ ಅರ್ಜಿಯ ಕೊನೆಯ ದಿನದ ಮಾರನೆಯ ದಿನ ಬಂದರೆ ಪ್ರಯೋಜನವಿಲ್ಲ. ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಅದೇ ಕಚೇರಿಯಲ್ಲಿ ಇಷ್ಟು ನೂಕುನುಗ್ಗಲು ಇರುವುದಿಲ್ಲ.

ಆದಾಯದ ಅಂಕಿ ಸೂಕ್ಷ್ಮವಾದದ್ದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ಯೋಜನೆಯಲ್ಲಿ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ ಹಾಗೂ ಯೋಜನೆಗೆ ತಕ್ಕಂತೆ ಮಿತಿ ಬೇರೆಯಾಗುತ್ತದೆ. ಮಿತಿಯೊಳಗೆ ತರಲೆಂದು ಸುಳ್ಳು ಅಂಕಿ ಬರೆಸಲು ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಒತ್ತಡ ಹೇರುವುದು ಸದಸ್ಯರ ಕೆಲಸವಲ್ಲ. ಅದೇ ರೀತಿ, ಕೂಲಿ ಮಾಡುವ ಕುಟುಂಬಕ್ಕೆ ಯಾರೋ ಅಂದಾಜಿನಲ್ಲಿ ಹೆಚ್ಚು ಆದಾಯ ಬರೆದಿದ್ದರೆ ಮೇಲ್ಮನವಿ ಸಲ್ಲಿಸಲು ನೆರವಾಗುವುದು ಖಂಡಿತವಾಗಿ ಅವರ ಕೆಲಸ. ತಂದೆ ತೀರಿಕೊಂಡಿದ್ದರೂ ಹಳೆಯ ಪತ್ರದಲ್ಲಿ ಅವರ ಹೆಸರೇ ಮುಂದುವರಿದಿರುವ ಮನೆಗಳನ್ನು ವಿಶೇಷವಾಗಿ ಗಮನಿಸಬೇಕು. ಮರಣ ಪ್ರಮಾಣಪತ್ರದೊಡನೆ ತಾಯಿಯ ಹೆಸರಿನಲ್ಲಿ ಹೊಸ ಪತ್ರ ಪಡೆಯಬೇಕೆಂದು ಆ ಮನೆಯವರಿಗೆ ಹೇಳುವವರು ಬೇಕು. ಸದಸ್ಯರ ಲೆಟರ್‌ಹೆಡ್‌ನಲ್ಲಿ ಕೊಡುವ ಶಿಫಾರಸು ಪತ್ರಕ್ಕೆ ಈ ಪೋರ್ಟಲ್‌ಗಳಲ್ಲಿ ಸ್ಥಾನವಿಲ್ಲ.

ಹಣ ಬಂದು ಸೇರುವ ಖಾತೆ

ವಿದ್ಯಾರ್ಥಿವೇತನವು ನೇರ ನಗದು ವರ್ಗಾವಣೆಯ ಮೂಲಕ ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾದ ಖಾತೆಗೆ ಬರುತ್ತದೆ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಜನ ಒಂದೆಂದು ತಿಳಿಯುತ್ತಾರೆ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿರುವುದು ಒಂದು. ಆ ಖಾತೆಯನ್ನು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆಧಾರ್‌ಗೆ ಜೋಡಿಸಿರುವುದು ಇನ್ನೊಂದು. ಎರಡನೆಯದು ಆಗದಿದ್ದರೆ ಮಂಜೂರಾದ ಹಣ ದಾರಿ ಕಾಣದೆ ಹಿಂದಿರುಗುತ್ತದೆ. ಶಾಖೆಗೆ ಹೋಗಿ "ಎನ್‌ಪಿಸಿಐ ಜೋಡಣೆ ಆಗಿದೆಯೇ" ಎಂದು ಅದೇ ಮಾತಿನಲ್ಲಿ ಕೇಳಬೇಕು. ಎರಡು ಖಾತೆಗಳಿದ್ದಲ್ಲಿ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಹಾಗಾಗಿ "ಹಣವೇ ಬಂದಿಲ್ಲ" ಎನ್ನುವವರಲ್ಲಿ ಕೆಲವರ ಹಣ ಅವರು ಮರೆತೇಬಿಟ್ಟ ಖಾತೆಯಲ್ಲಿ ಕುಳಿತಿರುತ್ತದೆ.

ಶಾಲಾ ದಿನಗಳಲ್ಲಿ ತೆರೆದ ಖಾತೆಯಲ್ಲಿ 2 ವರ್ಷ ಯಾವ ವಹಿವಾಟೂ ನಡೆಯದಿದ್ದರೆ ಅದು ನಿಷ್ಕ್ರಿಯ ಖಾತೆಯಾಗುತ್ತದೆ. ಅಪ್ರಾಪ್ತರ ಖಾತೆಯಾಗಿದ್ದರೆ 18 ತುಂಬಿದ ಬಳಿಕ ಹೊಸದಾಗಿ ಸಹಿ, ಭಾವಚಿತ್ರ ಮತ್ತು ದಾಖಲೆ ನೀಡಬೇಕು. ಗ್ರಾಮೀಣ ಬ್ಯಾಂಕುಗಳ ಗ್ರಾಹಕರು ಮತ್ತೊಂದು ಸಂಗತಿಯನ್ನೂ ಗಮನಿಸಬೇಕು: 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಹಳೆಯ ಪಾಸ್‌ಬುಕ್ಕಿನ ವಿವರಗಳನ್ನೇ ಅರ್ಜಿಗೆ ನಕಲು ಮಾಡುವ ಮೊದಲು ಶಾಖೆಯಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ವ್ಯಾಸಂಗ ಪ್ರಮಾಣಪತ್ರ ಮತ್ತು ಮೀಸಲಾತಿ

ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಔಷಧ ವಿಜ್ಞಾನ ಮೊದಲಾದ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸುತ್ತದೆ. ಇದರ ಅರ್ಜಿ ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲಿ, ಅಂದರೆ ಪಿಯುಸಿ ಪರೀಕ್ಷೆಗೂ ಮೊದಲೇ ಆರಂಭವಾಗುತ್ತದೆ. ಪರೀಕ್ಷೆ ಏಪ್ರಿಲ್‌ನಲ್ಲಿ ನಡೆಯುತ್ತದೆ. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕಾಯ್ದವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ವೈದ್ಯಕೀಯಕ್ಕೆ ನೀಟ್ ಬೇರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯ ಅಂಕ ಶೇ 50, ಪಿಯುಸಿ ವಿಷಯಗಳ ಅಂಕ ಶೇ 50 ಸೇರುವುದರಿಂದ ಎರಡರಲ್ಲಿ ಯಾವುದನ್ನೂ ಅಲಕ್ಷಿಸುವಂತಿಲ್ಲ.

ಗ್ರಾಮೀಣ ಮಕ್ಕಳಿಗೆ ಇಲ್ಲಿ ವಿಶೇಷ ಅವಕಾಶವಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ಣ 10 ವರ್ಷ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ 15, ಅದೇ 10 ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿಯಿದೆ. ಇದನ್ನು ಪಡೆಯಲು ಓದಿದ ಪ್ರತಿಯೊಂದು ಶಾಲೆಯ ಮುಖ್ಯ ಶಿಕ್ಷಕರ ಸಹಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯುಳ್ಳ ವ್ಯಾಸಂಗ ಪ್ರಮಾಣಪತ್ರದ ನಮೂನೆ ರೂಢಿಯಲ್ಲಿದೆ. ಐದನೇ ತರಗತಿಯವರೆಗೆ ತಾಂಡಾದ ಶಾಲೆ, ಏಳರವರೆಗೆ ಪಕ್ಕದ ಊರು, ಬಳಿಕ ಪ್ರೌಢಶಾಲೆ ಎಂದು ಮೂರು ಕಡೆ ಓದಿದವರು ಮೂರೂ ಕಡೆಯಿಂದ ಪತ್ರ ತರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ; ಮುಖ್ಯ ಶಿಕ್ಷಕರು ತಮ್ಮ ಸ್ವಂತ ಊರಿಗೆ ಹೋಗಿರುತ್ತಾರೆ. ಡಿಸೆಂಬರ್‌ನಲ್ಲಿ ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಮೇ ತಿಂಗಳಲ್ಲಿ ಮೂರು ತಾಲ್ಲೂಕು ಸುತ್ತಬೇಕಾಗುತ್ತದೆ. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಗಳಿಗೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಅರ್ಜಿಯಲ್ಲಿ ಕೋರದೆ ಬಿಟ್ಟ ಮೀಸಲಾತಿಯನ್ನು ಸೀಟು ಹಂಚಿಕೆಯ ಹೊತ್ತಿಗೆ ಕೇಳಿ ಪಡೆಯುವುದು ಕಷ್ಟ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳವರು 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳಿಂದ ಪಡೆದಿಟ್ಟುಕೊಳ್ಳಬೇಕು. ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಭಾಗಗಳಲ್ಲಿ ಶೇ 8 ಸೀಟುಗಳು ಇದರಡಿ ಮೀಸಲಾಗಿವೆ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳ ಕೋಟಾ ಬಯಸುವವರಿಗೆ ಜಮೀನಿನ ದಾಖಲೆ ಮತ್ತು ತಹಶೀಲ್ದಾರರ ಪ್ರಮಾಣಪತ್ರ ಬೇಕಾಗುತ್ತದೆ.

ಪ್ರವೇಶ ಪರೀಕ್ಷೆಯ ಗೊಡವೆಯಿಲ್ಲದೆ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಸೇರುವವರಿಗೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಎಂಬ ಪೋರ್ಟಲ್ ಇದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಹಾಯ ಕೇಂದ್ರದಲ್ಲೇ ಅದನ್ನು ತುಂಬಿಸುವುದು ಸುರಕ್ಷಿತ. ಪರೀಕ್ಷೆ-1ರಲ್ಲಿ ಅನುತ್ತೀರ್ಣರಾದವರನ್ನೂ ಪಟ್ಟಿಯಿಂದ ತೆಗೆಯಬಾರದು; 2024ರಿಂದ ಪರೀಕ್ಷೆ-2 ಅದೇ ವರ್ಷ ನಡೆಯುತ್ತಿದೆ.

ಯಾವ ನೆರವು, ಯಾರಿಗೆ

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳಿಗೆ ಸಾಮಾನ್ಯವಾದ ಬಾಗಿಲು. ಇಲ್ಲಿ ಪ್ರತಿ ವರ್ಷವೂ ಅರ್ಜಿ ಹಾಕಬೇಕು. ಮೊದಲ ವರ್ಷ ಬಂದಿತೆಂದು ಎರಡನೆಯ ವರ್ಷ ತಾನಾಗಿ ಬರುವುದಿಲ್ಲ. ಹಾಸ್ಟೆಲ್‌ಗೆ ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್ ಬೇರೆಯಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿ ನೆರವಿನ ವಿದ್ಯಾಸಿರಿ ಯೋಜನೆಯಿದೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಿಯುಸಿ ಮುಗಿಸಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆ 20,000 ರೂಪಾಯಿ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಇದಕ್ಕೆ ಪ್ರತ್ಯೇಕ ಅರ್ಜಿ ಬೇಕೆಂಬುದೇ ಅನೇಕ ಮನೆಗಳಿಗೆ ತಿಳಿದಿಲ್ಲ.

ಜಾತಿಯ ಆಧಾರವಿಲ್ಲದ ನೆರವೂ ಇದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿರುವ ಕೇಂದ್ರ ವಲಯದ ಯೋಜನೆಯು, ಹನ್ನೆರಡನೇ ತರಗತಿಯಲ್ಲಿ ಮಂಡಳಿಯ ಮೇಲಿನ ಶೇ 20ರ ಸಾಲಿನಲ್ಲಿರುವ, ಕುಟುಂಬದ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗಾಗಿ ಇದೆ. ಪದವಿಯ ಮೊದಲ 3 ವರ್ಷ ವಾರ್ಷಿಕ 12,000 ರೂಪಾಯಿ ದೊರೆಯುತ್ತದೆ. ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಇದು ಸಲ್ಲದು, ಆದ್ದರಿಂದ ಮನೆಯವರು ಲೆಕ್ಕ ಮಾಡಿ ಆರಿಸಿಕೊಳ್ಳಬೇಕು. ಹತ್ತು ಮತ್ತು ಹನ್ನೆರಡನೇ ತರಗತಿಗಳೆರಡನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿಯಂತೆ ಇದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವುಂಟು. ತಂದೆ ಅಥವಾ ತಾಯಿಯ ಕಾರ್ಮಿಕ ಕಾರ್ಡ್ ನವೀಕರಣವಾಗಿರಬೇಕು.

2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯ ಆಧಾರ ರೈತರ ಎಫ್‌ಐಡಿ ಸಂಖ್ಯೆ. ಇಲ್ಲಿ ಊರೂರಿನ ಹಳೆಯ ಸಮಸ್ಯೆ ಎದುರಾಗುತ್ತದೆ. ಉಳುವವನು ತಂದೆ, ಪಹಣಿಯಲ್ಲಿರುವವನು ತೀರಿಹೋದ ತಾತ. ಪೌತಿ ಖಾತೆ ಆಗದ ಹೊರತು ತಂದೆಯ ಹೆಸರಿನಲ್ಲಿ ಎಫ್‌ಐಡಿ ಇಲ್ಲ, ಎಫ್‌ಐಡಿ ಇಲ್ಲದೆ ಮಗಳಿಗೆ ಆ ನೆರವಿಲ್ಲ. ಅಣ್ಣತಮ್ಮಂದಿರ ನಡುವೆ ಮುಂದೂಡುತ್ತ ಬಂದ ಪಾಲಿನ ಮಾತಿಗೆ ಮಗಳ ಕಾಲೇಜು ಒಂದು ಗಡುವನ್ನು ತಂದಿಡುತ್ತದೆ.

ಯಾವ ವಿದ್ಯಾರ್ಥಿವೇತನವೂ ಪ್ರವೇಶದ ದಿನ ಕೈಗೆ ಬರುವುದಿಲ್ಲ. ಶುಲ್ಕ ಕಟ್ಟಬೇಕಾದದ್ದು ಜೂನ್-ಜುಲೈನಲ್ಲಿ, ಹಣ ಬರುವುದು ತಿಂಗಳುಗಳ ಬಳಿಕ. ಈ ನಡುವಿನ ಅಂತರದಲ್ಲೇ ಕುಟುಂಬಗಳು ವಾರದ ಕಂತಿನ ಸಾಲಕ್ಕೆ ಕೈಯೊಡ್ಡುತ್ತವೆ. ಸ್ವಸಹಾಯ ಸಂಘದ ಒಳಸಾಲ ಅದಕ್ಕಿಂತ ಹಗುರ. ತಾಯಿ ಸಂಘದ ಸದಸ್ಯೆಯಾಗಿದ್ದರೆ ಮಾರ್ಚ್ ತಿಂಗಳ ಸಭೆಯಲ್ಲೇ ವಿಷಯ ತಿಳಿಸಿಟ್ಟರೆ ಜೂನ್‌ಗೆ ಹಣ ಹೊಂದುತ್ತದೆ. ದೊಡ್ಡ ಮೊತ್ತಕ್ಕೆ ಬ್ಯಾಂಕಿನ ಶಿಕ್ಷಣ ಸಾಲವಿದೆ. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. ಹಿಂದುಳಿದ ವರ್ಗಗಳ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಯೋಜನೆಯಲ್ಲಿ ವೃತ್ತಿಪರ ಕೋರ್ಸುಗಳಿಗೆ ಶೇ 2ರ ದರದಲ್ಲಿ ಸಾಲ ದೊರೆಯುತ್ತದೆ. ಯಾವುದೇ ಯೋಜನೆಯ ಮೊತ್ತ ಮತ್ತು ಷರತ್ತು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದದೆ ಯಾರಿಗೂ ಭರವಸೆ ಕೊಡಬಾರದು.

ಪಂಚಾಯಿತಿಯ ಕೆಲಸ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿಯಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಶೈಕ್ಷಣಿಕ ಹಿತ ಅದರ ಕರ್ತವ್ಯಗಳಲ್ಲಿ ಒಂದು. ಅನೇಕ ಪಂಚಾಯಿತಿಗಳಲ್ಲಿ ಈ ಸಮಿತಿಯ ಸಭೆ ನಡಾವಳಿ ಪುಸ್ತಕದಲ್ಲಷ್ಟೇ ನಡೆಯುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೆ ಕೊಡಬಹುದಾದ ನಿಜವಾದ ಕೆಲಸ ಇದು: ಅಕ್ಟೋಬರ್ ಒಳಗೆ ಪ್ರತಿ ವಾರ್ಡಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವವರ ಪಟ್ಟಿ. ತಾಲ್ಲೂಕಿನಲ್ಲಿ, ಹಾಸ್ಟೆಲಿನಲ್ಲಿ, ಸೋದರಮಾವನ ಊರಿನಲ್ಲಿ ಓದುವವರೂ ಸೇರಬೇಕು. ಒಂದು ವಾರ್ಡಿನಲ್ಲಿ ಇಂಥವರು ಬೆರಳೆಣಿಕೆಯಷ್ಟೇ ಇರುತ್ತಾರೆ. ಪಟ್ಟಿಗೆ ಹೆಸರು, ಕಾಲೇಜು ಮತ್ತು ಯಾವ ದಾಖಲೆ ಬಾಕಿ ಎಂಬ ಮೂರು ಕಲಮು ಸಾಕು. ಆಧಾರ್ ಪ್ರತಿಗಳನ್ನು ಸಂಗ್ರಹಿಸುವುದು, ಒಟಿಪಿ ಕೇಳುವುದು, ಯಾರ ಆದಾಯ ಎಷ್ಟೆಂದು ಫಲಕದಲ್ಲಿ ಹಾಕುವುದು ಕೂಡದು.

ನವೆಂಬರ್‌ನ ಒಂದು ಭಾನುವಾರ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ವಿದ್ಯಾರ್ಥಿಗಳನ್ನು ಪೋಷಕರೊಡನೆ ಕರೆಯಬಹುದು. ನಾಲ್ಕು ದಾಖಲೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು ಹೆಸರು, ಜನ್ಮದಿನಾಂಕ ಓದಿಸಿದರೆ ಅರ್ಧದಷ್ಟು ತೊಡಕುಗಳು ಅಲ್ಲಿಯೇ ಬೆಳಕಿಗೆ ಬರುತ್ತವೆ. ಕಳೆದ ವರ್ಷ ಅರ್ಜಿ ತುಂಬಿದ ಊರಿನ ಪದವಿ ವಿದ್ಯಾರ್ಥಿಗಳನ್ನು ಕರೆದರೆ ಭಾಷಣಕಾರರ ಅಗತ್ಯವಿಲ್ಲ. ಹೆಣ್ಣುಮಕ್ಕಳ ತಂದೆತಾಯಿಯರನ್ನು ಸದಸ್ಯೆಯರೇ ಮನೆಗೆ ಹೋಗಿ ಕರೆಯುವುದು ಮೇಲು. ಕಾಲೇಜಿನ ಖರ್ಚಿಗೆ ದಾರಿಯಿದೆಯೆಂದು ಗೊತ್ತಿಲ್ಲದ ಮನೆಯಲ್ಲಿ ಫೆಬ್ರವರಿಯ ಹೊತ್ತಿಗೆ ಸಂಬಂಧ ಹುಡುಕುವ ಮಾತು ಆರಂಭವಾಗಿರುತ್ತದೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ

ತಮ್ಮ ವಾರ್ಡಿನಲ್ಲಿ ಈ ವರ್ಷ ದ್ವಿತೀಯ ಪಿಯುಸಿ ಓದುತ್ತಿರುವವರು ಎಷ್ಟು ಮಂದಿ ಎಂಬುದನ್ನು ಪ್ರತಿ ಸದಸ್ಯರು ಯಾರನ್ನೂ ಕೇಳದೆ ಹೇಳಬಲ್ಲರೇ? ಕಳೆದ ವರ್ಷ ಉತ್ತೀರ್ಣರಾದವರಲ್ಲಿ ಈಗ ಕಾಲೇಜಿನಲ್ಲಿಲ್ಲದವರು ಯಾರು, ಅವರ ಅರ್ಜಿ ಯಾವ ಹಂತದಲ್ಲಿ ನಿಂತಿತು? ಪಂಚಾಯಿತಿ ವ್ಯಾಪ್ತಿಯಲ್ಲಿ ಪೌತಿ ಖಾತೆ ಬಾಕಿಯಿರುವ ಕುಟುಂಬಗಳ ಪೈಕಿ ಪಿಯುಸಿ ಓದುವ ಮಕ್ಕಳಿರುವ ಮನೆಗಳು ಯಾವುವು? ಸಾಮಾಜಿಕ ನ್ಯಾಯ ಸಮಿತಿಯ ಕಳೆದ ಸಭೆ ಯಾವ ದಿನಾಂಕದಂದು ನಡೆಯಿತು?